ಓದುಗರ ಪ್ರಶ್ನೆ: ಮನೆ ಕೊಟ್ಟವರೇ ಕಿವಿ ಮುಚ್ಕೊಂಡ್ರೆ ಯಾರ ಹತ್ರ ಹೋಗೂದು?

ಈ ಸಲ ಬಂದ ಕಾಗದ, ವಾಟ್ಸಾಪ್ ಎಲ್ಲ ತೆಗೆದು ನೋಡಿದ್ರೆ ಅರ್ಧಕ್ಕರ್ಧ ಮನೆ ವಿಷ್ಯ. ಅದೂ ಪಕ್ಕದ ಬೀದಿ ಓನರ್ ಕೊಟ್ಟ ಬಾಡಿಗೆ ಮನೆ ಅಲ್ಲ, ಸರ್ಕಾರವೋ ಸರ್ಕಾರದಂಥ ಸಂಸ್ಥೆಯೋ ಕೊಟ್ಟ ಮನೆ. ಮೊದಲ್ನೇ ಪ್ರಶ್ನೆಯ ಮನೆ ಇಂಗ್ಲೆಂಡಲ್ಲಿದೆ, ಕೇಳಿದವರು ಮಾತ್ರ ಸದಾಶಿವಗಡದವರು. ಗೋವಾ ಸಂಬಂಧದ ಮೇಲೆ ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡ್ಕೊಂಡು ಆ ಕಡೆ ಹೋದವರ ಮನೆಯವರಿಗೆಲ್ಲ ಉಪಯೋಗ ಆಗ್ಲಿ ಅಂತ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೀನಿ.

ಪ್ರಶ್ನೆ: ನಮಸ್ಕಾರ. ನನ್ನ ಮಗಳು ಅಳಿಯ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ಇದ್ದಾರೆ. ಅಳಿಯನ ಮೂಲ ಕಾಣಕೋಣ, ಹಾಗಾಗಿ ಪೋರ್ಚುಗೀಸ್ ಪಾಸ್‌ಪೋರ್ಟ್ ಸಿಕ್ಕಿ ಹೋದವರು, ಈಗ ಅಲ್ಲೇ ಕಾಯಂ ಇರೋ ಪೇಪರ್ ಆಗಿದೆ. ಅವರು ಇರೂದು ಒಂದು ಹೌಸಿಂಗ್ ಅಸೋಸಿಯೇಷನ್ ಫ್ಲ್ಯಾಟಲ್ಲಿ, ಅಂದ್ರೆ ಲಾಭಕ್ಕಲ್ಲದೆ ಕಮ್ಮಿ ಬಾಡಿಗೆಗೆ ಮನೆ ಕೊಡೂ ಸಂಸ್ಥೆದು. ಮೊಮ್ಮಗ ಮಲಗೋ ಕೋಣೆ ಗೋಡೆ ಪೂರ್ತಿ ಕಪ್ಪು ಬೂಷ್ಟು. ವಿಡಿಯೋ ಕಾಲಲ್ಲಿ ಕಪಾಟು ಸರಿಸಿ ತೋರ್ಸಿದ್ಲು, ಆಷಾಢದಲ್ಲಿ ನಮ್ಮ ಕೊಟ್ಟಿಗೆ ಗೋಡೆ ಇದ್ದ ಹಾಗೆ ಇದೆ. ಮಗುವಿಗೆ ಯಾವಾಗ್ಲೂ ಕಫ, ರಾತ್ರಿ ಉಸಿರಾಡೂದಕ್ಕೆ ಕಷ್ಟ. ಹೋದ ಚಳಿಗಾಲದಿಂದ ಫೋನ್ ಮಾಡ್ತಾ ಇದ್ದಾರೆ, ಒಬ್ಬ ಬಂದು ಏನೋ ಸ್ಪ್ರೇ ಹೊಡೆದು ಹೋದ, ಮತ್ತೆ ಬಂತು. ನೀವು ದಿನಾ ಅನ್ನ ಬೇಯಿಸ್ತೀರಿ, ಒಳಗೇ ಬಟ್ಟೆ ಒಣಗಿಸ್ತೀರಿ, ಅದರ ಹಬೆ ಅಂತ ಹೇಳಿದ್ರಂತೆ. ಜಾಸ್ತಿ ಮಾತಾಡಿದ್ರೆ ಮನೆ ಬಿಡಿಸ್ತಾರೆ, ಪೇಪರ್‌ಗೂ ತೊಂದ್ರೆ ಅಂತ ಅಳಿಯ ಸುಮ್ಮನಿದ್ದಾನೆ. ಮಗಳು ನೋಡಿದ್ರೆ ಬಾಡಿಗೆ ಕೊಡೂದೇ ನಿಲ್ಲಿಸ್ತೇನೆ ಅಂತಾಳೆ. ಎಂತ ಮಾಡೂದು?
ಒಬ್ಬ ತಾಯಿ, ಸದಾಶಿವಗಡ

ಉತ್ತರ: ಅಕ್ಕಾ, ಮೊದ್ಲು ಬಾಡಿಗೆ ವಿಷ್ಯ ಹೇಳ್ತೀನಿ, ಯಾಕಂದ್ರೆ ಅದು ಅರ್ಜೆಂಟು. ಬಾಡಿಗೆ ನಿಲ್ಲಿಸ್ಬೇಡ ಅಂತ ಮಗಳಿಗೆ ಇವತ್ತೇ ಫೋನ್ ಮಾಡಿ ಹೇಳಿ. ಅಲ್ಲಿ ಇಂಥ ಮನೆ ಬಿಡಿಸ್ಬೇಕಂದ್ರೆ ಲ್ಯಾಂಡ್‌ಲಾರ್ಡ್ ಕೋರ್ಟಿಗೆ ಹೋಗಿ ಆರ್ಡರ್ ತರಬೇಕು, ಕಾನೂನಲ್ಲಿ ಇರೋ ಕಾರಣ ತೋರಿಸ್ಬೇಕು. ಆ ಕಾರಣಗಳಲ್ಲಿ ಬಾಡಿಗೆ ಬಾಕಿ ಇದೆ, ದೂರು ಕೊಟ್ಟಿದ್ದು ಅನ್ನೋದು ಎಲ್ಲೂ ಇಲ್ಲ. ಬಾಕಿ ಇಟ್ರೆ ನಾವೇ ಅವರ ಕೈಗೆ ಕೋಲು ಕೊಟ್ಟ ಹಾಗೆ ಆಗ್ತದೆ. ಮನೆಗೆ ಬಂದು ಇನ್ನೂ ಒಂದು ವರ್ಷ ಆಗಿಲ್ಲ ಅಂದ್ರೆ ಅದು ಸ್ಟಾರ್ಟರ್ ಟೆನೆನ್ಸಿ, ಅಂದ್ರೆ ಮೊದಲಿನ ಪರೀಕ್ಷಾ ಅವಧಿಯ ಬಾಡಿಗೆ ಒಪ್ಪಂದ ಇರಬಹುದು, ಆಗ ರಕ್ಷಣೆ ಸ್ವಲ್ಪ ಕಮ್ಮಿ, ಅಂಥವರಂತೂ ಒಂದು ಪೌಂಡ್ ಬಾಕಿ ಇಟ್ಕೋಬಾರ್ದು. ಇನ್ನು ಪೇಪರ್ ವಿಷ್ಯ: ಕಾಯಂ ಇರೋ ಹಕ್ಕಿಗೂ ಗೋಡೆ ರಿಪೇರಿ ದೂರಿಗೂ ಸಂಬಂಧವೇ ಇಲ್ಲ. ಅದು ನೋಡೋ ಇಲಾಖೆ ಬೇರೆ, ಇದು ಮನೆ ಕೊಟ್ಟವರ ಜವಾಬ್ದಾರಿ. ಅಳಿಯನಿಗೆ ಧೈರ್ಯ ಹೇಳಿ.

ಈಗ ಅನ್ನದ ಹಬೆ. ಇದು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಮನೆ ಅಂದ್ಮೇಲೆ ಅಡುಗೆ ಮಾಡ್ತಾರೆ, ಸ್ನಾನ ಮಾಡ್ತಾರೆ, ಮಗು ಇರೋ ಮನೇಲಿ ಬಟ್ಟೆ ಒಗೀತಾರೆ, ಆ ಚಳಿ ದೇಶದಲ್ಲಿ ಹೊರಗೆ ಹಾಕಿದ್ರೆ ಒಣಗೋದಿಲ್ಲ. ಇಷ್ಟಕ್ಕೇ ಗೋಡೆ ಕಪ್ಪಾಗ್ತದೆ ಅಂದ್ರೆ ಆ ಮನೆಗೆ ಗಾಳಿ ಆಡೋ ವ್ಯವಸ್ಥೆ ಸರಿ ಇಲ್ಲ, ಹೀಟಿಂಗ್ ಸಾಲ್ತಾ ಇಲ್ಲ, ಇಲ್ಲಾ ಎಲ್ಲೋ ನೀರು ಸೋರ್ತಾ ಇದೆ, ಅದನ್ನ ಹುಡುಕೋದು ಲ್ಯಾಂಡ್‌ಲಾರ್ಡ್ ಕೆಲಸ. ಇದು ನಾನೊಬ್ಬಳು ಹೇಳೋ ಮಾತಲ್ಲ. ಇಂಗ್ಲೆಂಡಿನ ಹೌಸಿಂಗ್ ಓಂಬುಡ್ಸ್‌ಮನ್, ಅಂದ್ರೆ ಇಂಥ ಮನೆಗಳ ಬಾಡಿಗೆದಾರರ ದೂರು ನೋಡೋ ಸ್ವತಂತ್ರ ಸಂಸ್ಥೆ, 2021ರಲ್ಲಿ ಬೂಷ್ಟು ಬಗ್ಗೆಯೇ ಒಂದು ದೊಡ್ಡ ವರದಿ ಕೊಟ್ಟು, ಬಾಡಿಗೆದಾರರ ಜೀವನಶೈಲಿ ಮೇಲೆ ತಪ್ಪು ಹೊರಿಸೋ ಅಭ್ಯಾಸ ಬಿಡಿ ಅಂತ ಲ್ಯಾಂಡ್‌ಲಾರ್ಡ್‌ಗಳಿಗೆ ನೇರವಾಗಿ ಹೇಳಿದೆ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆ ಪ್ರಕಾರ ಮನೆಯ ಗೋಡೆ ಮಾಡು, ನೀರಿನ ಪೈಪು, ಹೀಟಿಂಗ್ ಸರಿ ಇಡೋದು ಅವರ ಹೊಣೆ. 2018ರ ಇನ್ನೊಂದು ಕಾಯ್ದೆ ಮನೆ ಮನುಷ್ಯರು ವಾಸ ಮಾಡೋಕೆ ಯೋಗ್ಯ ಇರಬೇಕು ಅಂತ ಹೇಳ್ತದೆ.

ಒಂದು ಮಗುವಿನ ಕಥೆ ನಿಮಗೆ ಗೊತ್ತಿರಬೇಕು, ಹೆದರಿಸೋಕೆ ಹೇಳ್ತಾ ಇಲ್ಲ, ನಿಮ್ಮ ಮಗಳ ಕೈಯಲ್ಲಿರೋ ಕಾನೂನು ಹುಟ್ಟಿದ್ದೇ ಆ ಮಗುವಿನಿಂದ. ಅವಾಬ್ ಇಶಾಕ್ ಅಂತ, ಎರಡು ವರ್ಷದ ಗಂಡು ಮಗು, ಸುಡಾನ್‌ನಿಂದ ಬಂದ ಅಪ್ಪ ಅಮ್ಮ, ರಾಚ್‌ಡೇಲ್ ಅನ್ನೋ ಊರಲ್ಲಿ ಹೌಸಿಂಗ್ ಸಂಸ್ಥೆಯ ಒಂದೇ ಬೆಡ್‌ರೂಮಿನ ಫ್ಲ್ಯಾಟು. ಅಪ್ಪ 2017ರಲ್ಲೇ ಬೂಷ್ಟು ಬಗ್ಗೆ ಹೇಳಿದ್ರು, ಮೇಲಿಂದ ಬಣ್ಣ ಹೊಡೀರಿ ಅಂದ್ರಂತೆ. 2020ರ ಡಿಸೆಂಬರಲ್ಲಿ ಮಗು ತೀರಿಹೋಯ್ತು. 2022ರ ನವೆಂಬರಲ್ಲಿ ಕರೋನರ್, ಅಂದ್ರೆ ಸಾವಿನ ಕಾರಣ ವಿಚಾರಿಸೋ ಅಧಿಕಾರಿ, ವಿಚಾರಣೆ ಮುಗಿಸಿ, ಮನೆಯ ಬೂಷ್ಟಿನಲ್ಲಿ ತುಂಬಾ ದಿನ ಇದ್ದಿದ್ರಿಂದ ಆದ ಉಸಿರಾಟದ ಕಾಯಿಲೆಯೇ ಕಾರಣ ಅಂದ್ರು. ಈ ಕುಟುಂಬದ ಜೀವನಶೈಲಿ ಬಗ್ಗೆ ನಾವು ಏನೇನೋ ಊಹೆ ಮಾಡ್ಕೊಂಡಿದ್ವಿ, ಅದು ತಪ್ಪಾಯ್ತು ಅಂತ ಆ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಮಗು ಹೋದ ಮೇಲೆ ಒಪ್ಪಿಕೊಂಡು ಎಂತ ಪ್ರಯೋಜನ. ಆದ್ರೆ ಆ ಅಪ್ಪ ಅಮ್ಮ ಅಲ್ಲಿಗೇ ಬಿಡದೆ ಹೋರಾಡಿದ್ರು, 2023ರ ಸೋಷಿಯಲ್ ಹೌಸಿಂಗ್ ಕಾಯ್ದೆಯಲ್ಲಿ ಅವಾಬ್ ಹೆಸರಿನ ನಿಯಮ ಸೇರಿತು. ಅದೇ ಕಾಯ್ದೆ ಹಿಂದೆ 2017ರ ಜೂನ್ 14ಕ್ಕೆ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಜನ ಸತ್ತ ದುರಂತವೂ ಇದೆ, ಅಲ್ಲೂ ನಿವಾಸಿಗಳು ಮೊದಲೇ ದೂರು ಹೇಳಿದ್ದನ್ನ ಯಾರೂ ಕಿವಿಗೆ ಹಾಕ್ಕೊಂಡಿರಲಿಲ್ಲ.

ಅವಾಬ್ ಕಾನೂನು 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಕೊಟ್ಟ ಮನೆ, ಹೌಸಿಂಗ್ ಅಸೋಸಿಯೇಷನ್ ಮನೆ ಎರಡಕ್ಕೂ ಅನ್ವಯ. ಜೀವಕ್ಕೇ ಅಪಾಯ ಅನ್ನೋ ಥರದ ತುರ್ತು ಸಮಸ್ಯೆ ಇದ್ರೆ 24 ಗಂಟೆ ಒಳಗೆ ನೋಡಿ ಅಪಾಯ ತಪ್ಪಿಸ್ಬೇಕು. ನಿಮ್ಮ ಮಗಳ ಮನೆ ಥರ ಆರೋಗ್ಯಕ್ಕೆ ದೊಡ್ಡ ಹಾನಿ ಮಾಡೋವಷ್ಟು ತೇವ, ಬೂಷ್ಟು ಇದ್ರೆ ಹೇಳಿದ 10 ಕೆಲಸದ ದಿನದೊಳಗೆ ಬಂದು ತನಿಖೆ ಮಾಡ್ಬೇಕು, ತನಿಖೆ ಮುಗಿದು 3 ಕೆಲಸದ ದಿನದಲ್ಲಿ ಏನು ಕಂಡಿತು ಏನು ಮಾಡ್ತೀವಿ ಅಂತ ಬರವಣಿಗೆಯಲ್ಲಿ ಕೊಡಬೇಕು, 5 ಕೆಲಸದ ದಿನದಲ್ಲಿ ಮನೆ ಸುರಕ್ಷಿತ ಮಾಡ್ಬೇಕು. ಗೋಡೆ ಒಡೆದು ಮಾಡೋ ಥರ ದೊಡ್ಡ ಕೆಲಸ ಆದ್ರೆ ಅದು 12 ವಾರದೊಳಗಾದ್ರೂ ಶುರು ಆಗಬೇಕು. ಟೈಮಿಗೆ ಸುರಕ್ಷಿತ ಮಾಡೋಕೆ ಆಗ್ಲಿಲ್ಲ ಅಂದ್ರೆ ಅವರ ಖರ್ಚಲ್ಲೇ ಬೇರೆ ಕಡೆ ಉಳಿಯೋ ವ್ಯವಸ್ಥೆ ಮಾಡಿಕೊಡ್ತೀವಿ ಅಂತ ಮುಂದೆ ಬರಬೇಕು. ಮನೇಲಿ ಸಣ್ಣ ಮಗು ಇದೆ, ಉಸಿರಾಟದ ತೊಂದರೆ ಇದೆ ಅನ್ನೋದು ಇಲ್ಲಿ ತುಂಬಾ ಮುಖ್ಯ, ಅದನ್ನ ಮೊದಲ ಸಾಲಲ್ಲೇ ಬರೀಬೇಕು.

ಹಾಗಾದ್ರೆ ಇಷ್ಟೆಲ್ಲ ಕಾನೂನು ಇದ್ದೂ ಯಾಕೆ ಯಾರೂ ಬರ್ತಾ ಇಲ್ಲ? ಪತ್ರ ಓದಿದಾಗ ನನಗೆ ಕಂಡಿದ್ದು ಇದು, ಅವರು ಇಲ್ಲಿವರೆಗೆ ಮಾಡಿದ್ದೆಲ್ಲ ಫೋನು. ಫೋನ್ ಮಾಡಿ ಗೋಡೆ ನೋಡಿ ಅಂದ್ರೆ ಅವರ ಲೆಕ್ಕದಲ್ಲಿ ಅದು ರಿಪೇರಿ ಕೋರಿಕೆ, ಒಬ್ಬ ಬಂದು ಸ್ಪ್ರೇ ಹೊಡೆದ, ಅವರ ಕಂಪ್ಯೂಟರಲ್ಲಿ ಆ ಕೆಲಸ ಮುಗೀತು. ದೂರು ಅನ್ನೋದು ಬೇರೆ ಖಾತೆ. ನೀವು ರಿಪೇರಿ ಮಾಡಿದ ರೀತಿ ಸರಿ ಇಲ್ಲ, ನಮಗೆ ಸಮಾಧಾನ ಇಲ್ಲ ಅಂತ ಹೇಳಿದ್ರೆ ಅದು ದೂರು ಆಗ್ತದೆ. ನಿಯಮದ ಪ್ರಕಾರ ದೂರು ಅನ್ನೋ ಶಬ್ದ ಬಳಸಬೇಕು ಅಂತ ಏನಿಲ್ಲ, ಬಾಯಲ್ಲಿ ಹೇಳಿದ್ರೂ ತಗೊಳ್ಬೇಕು, ಆದ್ರೂ ನನ್ನ ಮಾತು ಕೇಳಿ, ಈಮೇಲ್ ಹಾಕಿ, ಇದನ್ನ ಸ್ಟೇಜ್ ಒನ್ ದೂರು ಅಂತ ದಾಖಲು ಮಾಡಿ ಅಂತ ಬಿಡಿಸಿ ಬರೀಲಿ. ಆಗ ಗಡಿಯಾರ ಓಡೋಕೆ ಶುರು ಆಗ್ತದೆ.

ಆ ಗಡಿಯಾರ ಹೀಗಿದೆ. ಓಂಬುಡ್ಸ್‌ಮನ್ ಮಾಡಿದ ದೂರು ನಿರ್ವಹಣೆ ಸಂಹಿತೆ 2024ರ ಏಪ್ರಿಲ್ 1ರಿಂದ ಕಾನೂನಿನ ಬಲ ಪಡೆದಿದೆ, ಯಾವ ಸೋಷಿಯಲ್ ಲ್ಯಾಂಡ್‌ಲಾರ್ಡೂ, ಅಂದ್ರೆ ಕೌನ್ಸಿಲ್, ಹೌಸಿಂಗ್ ಅಸೋಸಿಯೇಷನ್ ಥರ ಮನೆ ಕೊಡೋ ಯಾರೂ ತಪ್ಪಿಸ್ಕೊಳ್ಳೋ ಹಾಗಿಲ್ಲ. ದೂರು ಬಂದ 5 ಕೆಲಸದ ದಿನದೊಳಗೆ ಬಂತು ಅಂತ ತಿಳಿಸ್ಬೇಕು, ಅಲ್ಲಿಂದ 10 ಕೆಲಸದ ದಿನದಲ್ಲಿ ಸ್ಟೇಜ್ ಒನ್ ಉತ್ತರ ಕೊಡಬೇಕು. ಅದು ಸರಿ ಬರ್ಲಿಲ್ಲ ಅಂದ್ರೆ ಒಪ್ಪಲ್ಲ, ಸ್ಟೇಜ್ ಟೂಗೆ ತಗೊಂಡು ಹೋಗಿ ಅಂತ ಒಂದು ಸಾಲು ಬರೆದ್ರೂ ಸಾಕು, ಯಾಕೆ ಅಂತ ವಿವರ ಕೊಡಲೇಬೇಕು ಅಂತಿಲ್ಲ. ಸ್ಟೇಜ್ ಟೂನಲ್ಲಿ ಬೇರೆಯವರು ನೋಡ್ಬೇಕು, ಮೊದಲು ಉತ್ತರ ಕೊಟ್ಟವರೇ ಮತ್ತೆ ಕೂತ್ಕೊಳ್ಳೋ ಹಾಗಿಲ್ಲ. ಅದಕ್ಕೂ 5 ದಿನದಲ್ಲಿ ಸ್ವೀಕೃತಿ, ಆಮೇಲೆ 20 ಕೆಲಸದ ದಿನದಲ್ಲಿ ಕೊನೇ ಉತ್ತರ. ಕೇಸು ಜಟಿಲ ಅಂತ ಸ್ವಲ್ಪ ಟೈಮ್ ಕೇಳಬಹುದು, ಮೊದಲ ಹಂತದಲ್ಲಿ ಇನ್ನು 10, ಎರಡನೇದ್ರಲ್ಲಿ ಇನ್ನು 20 ಕೆಲಸದ ದಿನ, ಕಾರಣ ಹೇಳಿ ಕೇಳಬೇಕು. ಮೂರನೇ ಹಂತ ಅಂತ ಇನ್ನೊಂದು ಕಟ್ಟೆ ಕಟ್ಟೋ ಹಾಗಿಲ್ಲ.

ಈಮೇಲ್ ಹೇಗೆ ಬರೀಬೇಕು ಅಂದ್ರೆ, ಕಣ್ಣೀರು ಹಾಕಿ ಉದ್ದ ಬರೀಬೇಡಿ ಅಂತ ಹೇಳಿ. ನಮ್ಮ ಮನೇಲಿ ಇಷ್ಟು ವಯಸ್ಸಿನ ಮಗು ಇದೆ, ಉಸಿರಾಟದ ತೊಂದರೆಗೆ ಡಾಕ್ಟರ್ ನೋಡ್ತಾ ಇದ್ದಾರೆ, ಮಗು ಮಲಗೋ ಕೋಣೆಯ ಹೊರಗೋಡೆ, ಕಿಟಕಿ ಮೂಲೆ, ಕಪಾಟಿನ ಹಿಂದೆ ಬೂಷ್ಟು ಇದೆ, ಮೊದಲ ಸಲ ಈ ತಾರೀಕಿಗೆ ಹೇಳಿದ್ವಿ, ಈ ತಾರೀಕಿಗೆ ನಿಮ್ಮವರು ಬಂದು ಸ್ಪ್ರೇ ಹೊಡೆದ್ರು, ಈ ತಾರೀಕಿಗೆ ಮತ್ತೆ ಬಂತು, ಕಾರಣ ಹುಡುಕದೆ ನಮ್ಮ ಅಡುಗೆ ಮೇಲೆ ಹಾಕಿದ್ದು ಸರಿಯಲ್ಲ. ಆಮೇಲೆ ಏನು ಬೇಕು ಅಂತ ಸ್ಪಷ್ಟ ಬರೀಬೇಕು: ತೇವಕ್ಕೆ ಕಾರಣ ಏನು ಅಂತ ಬರವಣಿಗೆಯಲ್ಲಿ ಬೇಕು, ರಿಪೇರಿ ತಾರೀಕು ಬೇಕು, ಹಾಳಾದ ಹಾಸಿಗೆ ಬಟ್ಟೆಗೆ ಪರಿಹಾರ ಬೇಕು. ತುಂಬಾ ಜನ ಕಷ್ಟ ಹೇಳ್ತಾರೆ, ಏನು ಬೇಕು ಅಂತ ಹೇಳೋದೇ ಇಲ್ಲ, ಆಗ ಆ ಕಡೆಯಿಂದ ಕ್ಷಮೆ ಕೇಳಿ ಒಂದು ಕಾಗದ ಬರ್ತದೆ, ಗೋಡೆ ಹಾಗೇ ಇರ್ತದೆ.

ಸಾಕ್ಷಿ ವಿಷ್ಯದಲ್ಲಿ ನಿಮ್ಮಿಂದಲೂ ಸಹಾಯ ಆಗ್ತದೆ ಅಕ್ಕಾ. ಮಗಳು ನಿಮಗೆ ಕಳಿಸಿದ ಬೂಷ್ಟಿನ ಫೋಟೋ, ವಿಡಿಯೋ ಏನಿದ್ರೂ ನಿಮ್ಮ ವಾಟ್ಸಾಪಲ್ಲಿ ತಾರೀಕು ಸಮೇತ ಕೂತಿದೆ, ಅಳಿಸ್ಬೇಡಿ, ಹೋದ ಚಳಿಗಾಲದ್ದು ಸಿಕ್ರೆ ಅದು ಬಂಗಾರ. ಆ ಕಡೆ ಅವರು ಗೋಡೆಯನ್ನ ಒಂದೇ ಜಾಗದಿಂದ ವಾರಕ್ಕೊಮ್ಮೆ ಫೋಟೋ ತೆಗೀಲಿ, ಬೂಷ್ಟು ಎಷ್ಟು ಹರಡ್ತಾ ಇದೆ ಅಂತ ಕಾಣ್ಬೇಕು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ರೆ ಒಳ್ಳೇದು. ಹಾಸಿಗೆ ತಳ, ಕಪಾಟಿನ ಬೆನ್ನು, ಕಿಟಕಿ ಕೆಳಗೆ ಉಬ್ಬಿ ಬಂದ ವಾಲ್‌ಪೇಪರ್ ಇವುಗಳನ್ನ ಜನ ಮರೀತಾರೆ. ಕೋಣೆಯ ತೇವಾಂಶ ತೋರ್ಸೋ ಸಣ್ಣ ಮೀಟರ್ ಸಿಗ್ತದೆ, ಅದರ ರೀಡಿಂಗ್ ಬರೆದಿಡ್ಲಿ. ಮಗುವನ್ನ ನೋಡೋ ಡಾಕ್ಟರ್ ಹತ್ರ, ಮನೆಯ ಬೂಷ್ಟು ಮಗುವಿಗೆ ತೊಂದರೆ ಮಾಡ್ತಾ ಇದೆ ಅಂತ ಒಂದು ಲೆಟರ್ ಕೇಳ್ಲಿ. ಬರ್ತೀವಿ ಅಂತ ಹೇಳಿ ಬಾರದೇ ಇದ್ದ ದಿನಗಳನ್ನ ಕ್ಯಾಲೆಂಡರಲ್ಲಿ ಗುರುತು ಮಾಡ್ಲಿ. ಆದ್ರೆ ಅವರು ಬಂದಾಗ ಬಾಗಿಲು ತೆಗೀಲೇಬೇಕು, ಮನೇಲಿ ಯಾರೂ ಇರ್ಲಿಲ್ಲ ಅನ್ನೋ ನೆಪ ಅವರಿಗೆ ಸಿಗಬಾರ್ದು. ಇಂಗ್ಲಿಷಲ್ಲಿ ಮಾತಾಡೋಕೆ ಹಿಂಜರಿಕೆ ಇದ್ರೆ ಸಂಬಂಧಿಕರೋ ಸ್ನೇಹಿತರೋ ಅವರ ಪರವಾಗಿ ದೂರು ಕೊಡಬಹುದು, ನಮ್ಮ ಪರ ಇವರು ಮಾತಾಡ್ತಾರೆ ಅಂತ ಒಪ್ಪಿಗೆ ಬರೆದು ಕೊಟ್ರಾಯ್ತು.

ಸ್ಟೇಜ್ ಟೂ ಉತ್ತರವೂ ಸರಿ ಬರ್ಲಿಲ್ಲ, ಇಲ್ಲಾ ಹೇಳಿದ ಟೈಮಲ್ಲಿ ಉತ್ತರವೇ ಬರ್ಲಿಲ್ಲ ಅಂದ್ರೆ ಹೌಸಿಂಗ್ ಓಂಬುಡ್ಸ್‌ಮನ್. ಒಂದು ಪೈಸೆ ಫೀಸಿಲ್ಲ, ವಕೀಲರು ಬೇಡ, ವೆಬ್‌ಸೈಟಲ್ಲಿ ಫಾರ್ಮ್ ಇದೆ. ಮೊದ್ಲು ಎಂಪಿ ಅಥವಾ ಕೌನ್ಸಿಲರ್ ಮೂಲಕ ಹೋಗಬೇಕಿತ್ತು, ಇಲ್ಲಾಂದ್ರೆ 8 ವಾರ ಕಾಯ್ಬೇಕಿತ್ತು, ಆ ನಿಯಮ 2022ರ ಅಕ್ಟೋಬರಲ್ಲೇ ತೆಗೆದಾಯ್ತು. ಹಳೇ ಮಾಹಿತಿ ಓದಿ ಸುಮ್ಮನೆ ಕಾಯೋರು ಈಗಲೂ ಇದ್ದಾರೆ. ಕೊನೇ ಉತ್ತರ ಬಂದು 12 ತಿಂಗಳೊಳಗೆ ಹೋಗಬೇಕು, ಅದನ್ನ ಮರೀಬಾರ್ದು. ಅವರು ಎರಡೂ ಕಡೆ ದಾಖಲೆ ತರಿಸಿ ನೋಡಿ, ರಿಪೇರಿ ಮಾಡಿ, ಕ್ಷಮೆ ಕೇಳಿ, ಇಷ್ಟು ಪೌಂಡ್ ಪರಿಹಾರ ಕೊಡಿ ಅಂತ ಆದೇಶ ಮಾಡ್ತಾರೆ. ಆದ್ರೆ ತಿಂಗಳುಗಟ್ಟಲೆ ಹಿಡೀತದೆ, ಹಾಗಾಗಿ ಓಂಬುಡ್ಸ್‌ಮನ್ ಒಬ್ಬರನ್ನೇ ನಂಬಿ ಕೂತ್ಕೋಬೇಡಿ. ನಿಮ್ಮ ಮಗಳದ್ದು ಹೌಸಿಂಗ್ ಅಸೋಸಿಯೇಷನ್ ಮನೆ ಆಗಿರೋದ್ರಿಂದ ಊರಿನ ಕೌನ್ಸಿಲಿನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗದವರನ್ನ ಈಗಲೇ ಕರೆಸಬಹುದು, ಅವರು ಬಂದು ಮನೆ ತಪಾಸಣೆ ಮಾಡಿ ಲ್ಯಾಂಡ್‌ಲಾರ್ಡ್‌ಗೆ ನೋಟಿಸ್ ಕೊಡೋ ಅಧಿಕಾರ ಇರೋರು. ಏರಿಯಾದ ಕೌನ್ಸಿಲರ್‌ಗೆ, ಎಂಪಿ ಆಫೀಸಿಗೆ ಅದೇ ಈಮೇಲ್ ಕಾಪಿ ಹಾಕಿದ್ರೆ ಕೆಲವು ಸಲ ಬೇಗ ಕೆಲಸ ಆಗ್ತದೆ. ಶೆಲ್ಟರ್, ಸಿಟಿಜನ್ಸ್ ಅಡ್ವೈಸ್ ಅನ್ನೋ ಸಂಸ್ಥೆಗಳು ಪುಕ್ಕಟೆ ಸಲಹೆ ಕೊಡ್ತವೆ.

ರೆಗ್ಯುಲೇಟರ್ ಆಫ್ ಸೋಷಿಯಲ್ ಹೌಸಿಂಗ್ ಅಂತ ಇನ್ನೊಂದು ಸಂಸ್ಥೆ ಇದೆ, ಹೆಸರು ನೋಡಿ ಜನ ಅಲ್ಲಿಗೆ ಬರೀತಾರೆ. ಅವರು ಒಂದೊಂದು ಮನೆಯ ದೂರು ಬಗೆಹರಿಸಲ್ಲ, ಇಡೀ ಲ್ಯಾಂಡ್‌ಲಾರ್ಡ್ ಸಂಸ್ಥೆ ಹೇಗೆ ನಡೀತಾ ಇದೆ ಅಂತ ನೋಡ್ತಾರೆ. ಇಡೀ ಬಿಲ್ಡಿಂಗಲ್ಲಿ ಇದೇ ಕಥೆ ಆದ್ರೆ ಆಗ ಅವರಿಗೂ ಬರೀಬಹುದು.

ಪ್ರಶ್ನೆ: ನನ್ನ ತಮ್ಮ ಲೆಸ್ಟರ್‌ನಲ್ಲಿ ಕೌನ್ಸಿಲ್ ಮನೇಲಿ ಇದ್ದಾನೆ. ಬಾಗಿಲಿಗೆ ಒಬ್ಬ ಬಂದು ನಿಮ್ಮ ಮನೆ ರಿಪೇರಿ ಆಗಿಲ್ಲ ಅಲ್ವಾ, ಸೈನ್ ಮಾಡಿ, ಕೇಸ್ ಹಾಕಿ ಸಾವಿರಾರು ಪೌಂಡ್ ಕೊಡಿಸ್ತೇವೆ, ಗೆಲ್ಲದಿದ್ರೆ ಫೀಸಿಲ್ಲ ಅಂದನಂತೆ. ಸೈನ್ ಮಾಡ್ಲಾ ಅಂತ ನನ್ನ ಕೇಳ್ತಾ ಇದ್ದಾನೆ, ನಾನು ಶಿರಸಿಲಿ ಕೂತು ಎಂತ ಹೇಳದು?
ಒಬ್ಬ ಅಣ್ಣ, ಶಿರಸಿ

ಉತ್ತರ: ಬಾಗಿಲಲ್ಲಿ ನಿಂತು ಸೈನ್ ಮಾಡೋದು ಬೇಡ ಅಂತ ಹೇಳಿ. ವಕೀಲರ ಮೂಲಕ ಕೋರ್ಟಿಗೆ ಹೋಗೋದು ತಪ್ಪಲ್ಲ, ಅದು ಹಕ್ಕು, ಆದ್ರೆ ಮನೆ ಮನೆ ಸುತ್ತಿ ಸೈನ್ ಹಾಕಿಸ್ಕೊಳ್ಳೋರು ಬೇರೆಯವರಿಗೆ ಕೇಸ್ ಹಿಡಿದು ಕೊಡೋ ಏಜೆಂಟರು ಇರ್ತಾರೆ. ನಡುವಲ್ಲಿ ಬೇಡ ಅಂತ ಬಿಟ್ರೆ ಖರ್ಚು ನಿಮ್ಮ ತಮ್ಮನ ತಲೆ ಮೇಲೆ ಬರೋ ಷರತ್ತು ಆ ಕಾಗದದಲ್ಲಿ ಇರಬಹುದು, ಬಂದ ಪರಿಹಾರದಲ್ಲೂ ಅವರ ಪಾಲು ಇರ್ತದೆ. ಇನ್ನೊಂದು ತೊಡಕು, ಕೋರ್ಟಲ್ಲಿ ಕೇಸು ಶುರು ಆಯ್ತು ಅಂದ್ರೆ ಅದೇ ವಿಷ್ಯವನ್ನ ಓಂಬುಡ್ಸ್‌ಮನ್ ಸಾಮಾನ್ಯವಾಗಿ ತಗೊಳ್ಳಲ್ಲ. ಮೊದಲು ಮೇಲೆ ಹೇಳಿದ ಎರಡು ಹಂತದ ದೂರು ಕೊಡ್ಲಿ, ಅದಕ್ಕೆ ಖರ್ಚಿಲ್ಲ. ಮುಂದೆ ವಕೀಲರು ಬೇಕೇ ಬೇಕು ಅಂತಾದ್ರೆ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿ ಪಟ್ಟಿಯಲ್ಲಿ ಹೆಸರಿದ್ಯಾ ಅಂತ ನೋಡಿ, ತಾನಾಗಿ ಹುಡುಕಿ ಹೋಗ್ಲಿ. ಕೌನ್ಸಿಲ್ ಮನೆ ಆದ್ರೆ ಒಂದು ಕಷ್ಟ, ಎನ್ವಿರಾನ್‌ಮೆಂಟಲ್ ಹೆಲ್ತ್‌ನವರೂ ಅದೇ ಕೌನ್ಸಿಲಿನ ನೌಕರರೇ ಆಗಿರೋದ್ರಿಂದ ತಮ್ಮದೇ ಕೌನ್ಸಿಲ್ ಮೇಲೆ ನೋಟಿಸ್ ಹಾಕೋಕೆ ಆಗಲ್ಲ, ಹಾಗಾಗಿ ಓಂಬುಡ್ಸ್‌ಮನ್ ದಾರಿ ಅವನಿಗೆ ಇನ್ನೂ ಮುಖ್ಯ. ಮತ್ತೆ, ಮನೆ ಹಂಚಿಕೆ ಪಟ್ಟಿ, ಮನೆಯಿಲ್ಲದವರಿಗೆ ಕೌನ್ಸಿಲ್ ಮಾಡೋ ಸಹಾಯ ಇಂಥ ವಿಷ್ಯಕ್ಕೆ ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಓಂಬುಡ್ಸ್‌ಮನ್ ಅಂತ ಬೇರೆಯೇ ಇದೆ, ಎರಡನ್ನೂ ಕಲಸಬೇಡಿ.

ಪ್ರಶ್ನೆ: ಗ್ಲಾಸ್ಗೋದಲ್ಲಿರೋ ನನ್ನ ಅತ್ತಿಗೆ ಮನೆಗೂ ಇದೇ ಓಂಬುಡ್ಸ್‌ಮನ್ನಾ?
ಕುಮಟಾದ ಓದುಗರು

ಉತ್ತರ: ಅಲ್ಲ. ಮೇಲೆ ಹೇಳಿದ್ದೆಲ್ಲ ಇಂಗ್ಲೆಂಡಿಗೆ ಮಾತ್ರ. ಗ್ಲಾಸ್ಗೋ ಸ್ಕಾಟ್ಲೆಂಡಲ್ಲಿ ಬರ್ತದೆ, ಅಲ್ಲೂ ಎರಡು ಹಂತ, ಮೊದಲ್ನೇದಕ್ಕೆ 5 ಕೆಲಸದ ದಿನ, ಎರಡನೇದಕ್ಕೆ 20, ಆಮೇಲೆ ಸ್ಕಾಟಿಷ್ ಪಬ್ಲಿಕ್ ಸರ್ವಿಸಸ್ ಓಂಬುಡ್ಸ್‌ಮನ್. ವೇಲ್ಸ್‌ಗೆ, ಉತ್ತರ ಐರ್ಲೆಂಡ್‌ಗೆ ಅವರವರದ್ದೇ ಪಬ್ಲಿಕ್ ಸರ್ವಿಸಸ್ ಓಂಬುಡ್ಸ್‌ಮನ್ ಇದ್ದಾರೆ.

ಪ್ರಶ್ನೆ: ನಾನು ಕಾರವಾರದಲ್ಲಿ ಸರ್ಕಾರಿ ನೌಕರಿ ಮಾಡ್ತೇನೆ, ಕ್ವಾರ್ಟರ್ಸಲ್ಲಿ ಇರೂದು. ಜೂನ್ ಬಂತಂದ್ರೆ ಸ್ಲ್ಯಾಬ್ ಸೋರ್ತದೆ, ಬೆಡ್‌ರೂಮಿನ ಸ್ವಿಚ್‌ಬೋರ್ಡ್ ಮೇಲಿಂದಲೇ ನೀರು ಇಳೀತದೆ. ಕೇಳಿದ್ರೆ ಗ್ರಾಂಟ್ ಇಲ್ಲ ಅಂತಾರೆ. ಮನೆ ಬಾಡಿಗೆ ಭತ್ಯೆಯೂ ಇಲ್ಲ, ಮನೆಯೂ ಹೀಗೆ. ಇಂಗ್ಲೆಂಡಿನ ಹಾಗೆ ನಮಗೂ ಯಾರಾದ್ರೂ ಇದ್ದಾರಾ?
ಹೆಸರು ಬೇಡ, ಕಾರವಾರ

ಉತ್ತರ: ತಂಗಿ, ಮೊದಲ ಕೆಲಸ ಆ ಸ್ವಿಚ್‌ಬೋರ್ಡು. ನೀರು ಇಳಿಯೋ ಕೋಣೆಯ ಎಂಸಿಬಿ (ಕರೆಂಟ್ ಕಡಿಯೋ ಸ್ವಿಚ್) ಕೆಳಗೆ ಮಾಡಿ, ಆ ಬೋರ್ಡ್ ಮುಟ್ಟಬೇಡಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆದು ಆ ಲೈನ್ ತೆಗೆಸಿ, ಮೀಟರ್ ಕಡೆ ಏನಾದ್ರೂ ತೊಂದರೆ ಕಂಡ್ರೆ ಹೆಸ್ಕಾಂ 1912ಕ್ಕೆ ಫೋನ್ ಮಾಡಿ. ಕರಾವಳಿ ಮಳೆ ಗ್ರಾಂಟ್ ಬರೋವರೆಗೆ ಕಾಯಲ್ಲ.

ನಮ್ಮಲ್ಲಿ ಬಾಡಿಗೆದಾರರಿಗೆ ಅಂತಲೇ ಹೌಸಿಂಗ್ ಓಂಬುಡ್ಸ್‌ಮನ್ ಇಲ್ಲ, ಇರಬೇಕಿತ್ತು ಅಂತ ನನ್ನ ಗಟ್ಟಿ ಅಭಿಪ್ರಾಯ. ಆದ್ರೆ ದಾರಿ ಇಲ್ಲ ಅಂತ ಅಲ್ಲ. ಕ್ವಾರ್ಟರ್ಸ್ ನಿರ್ವಹಣೆ ಹೆಚ್ಚಿನ ಕಡೆ ಲೋಕೋಪಯೋಗಿ ಇಲಾಖೆದು, ಕೆಲವು ಕಡೆ ಆಯಾ ಇಲಾಖೆಯೇ ನೋಡ್ಕೊಳ್ತದೆ, ನಿಮ್ಮದು ಯಾರದ್ದು ಅಂತ ಹಂಚಿಕೆ ಆದೇಶ ತೆಗೆದು ನೋಡಿ. ಬಾಯಿ ಮಾತು ಬಿಟ್ಟು ನಿಮ್ಮ ಕಚೇರಿ ಮುಖ್ಯಸ್ಥರ ಮೂಲಕ ಅರ್ಜಿ ಕೊಡಿ, ಟಪಾಲಲ್ಲಿ ಸೀಲ್ ಹಾಕಿಸಿ ನಂಬರ್ ಸಮೇತ ಒಂದು ಕಾಪಿ ಇಟ್ಕೊಳ್ಳಿ. ಅರ್ಜಿಯಲ್ಲಿ ಸೋರ್ತದೆ ಅಂತ ಬರೆದು ಬಿಡಬೇಡಿ, ಇಂಜಿನಿಯರ್ ಬಂದು ಸ್ಥಳ ಪರಿಶೀಲನೆ ಮಾಡಿ ಎಸ್ಟಿಮೇಟ್ ಹಾಕಲಿ, ವಿದ್ಯುತ್ ಅಪಾಯ ಇದೆ ಅಂತ ಬರೀರಿ, ಸಾಧ್ಯ ಇದ್ರೆ ಪಕ್ಕದ ಕ್ವಾರ್ಟರ್ಸಿನವರೂ ಸೇರಿ ಒಟ್ಟಿಗೆ ಸಹಿ ಹಾಕಿ. ಟೈಮಿಂಗ್ ಕೂಡ ನೋಡಿ: ಮಳೆ ಸುರಿಯೋವಾಗ ಸ್ಲ್ಯಾಬ್ ಮೇಲೆ ವಾಟರ್‌ಪ್ರೂಫಿಂಗ್ ಮಾಡೋಕೆ ಬರಲ್ಲ, ಜೂನಲ್ಲಿ ಕೊಟ್ಟ ಅರ್ಜಿಯನ್ನ ದೀಪಾವಳಿ ಕಳೆದ ಮೇಲೆ ಮತ್ತೊಂದು ಸಲ ನೆನಪಿಸ್ಲೇಬೇಕು, ಇಲ್ಲಾಂದ್ರೆ ಮುಂದಿನ ಮಳೆಗಾಲವೂ ಬಕೆಟ್ ಇಟ್ಕೊಂಡೇ ಕಳೀಬೇಕು.

ಉತ್ತರ ಬರದಿದ್ರೆ ಜನಸ್ಪಂದನ 1902ಕ್ಕೆ ದೂರು ದಾಖಲಿಸಿ, ನಂಬರ್ ಕೊಡ್ತಾರೆ, ಅದನ್ನ ಹಿಡಿದು ಫಾಲೋ ಮಾಡಬಹುದು. ಗ್ರಾಂಟ್ ಇಲ್ಲ ಅನ್ನೋ ಮಾತಿಗೆ ಆರ್‌ಟಿಐ ಒಳ್ಳೇ ಮದ್ದು. ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ: ಈ ಕಟ್ಟಡಗಳ ನಿರ್ವಹಣೆಗೆ ಕಳೆದ ಮೂರು ವರ್ಷದಲ್ಲಿ ಎಷ್ಟು ಹಣ ಬಂತು, ಯಾವ ಯಾವ ಮನೆಗೆ ಖರ್ಚಾಯ್ತು, ನನ್ನ ಮನೆಗೆ ಎಸ್ಟಿಮೇಟ್ ಮಾಡಿದ್ದಾರಾ, ಮಾಡಿದ್ರೆ ಅದರ ಕಾಪಿ. 30 ದಿನದಲ್ಲಿ ಉತ್ತರ ಕೊಡಬೇಕು. ಪತ್ರಿಕೆಗೆ, ಫೇಸ್‌ಬುಕ್ಕಿಗೆ ಫೋಟೋ ಹಾಕೋ ಮುಂಚೆ ಮಾತ್ರ 2021ರ ನಾಗರಿಕ ಸೇವಾ ನಡತೆ ನಿಯಮ ಒಂದು ಸಲ ಓದಿ, ನೌಕರರ ಸಂಘದ ಮೂಲಕ ಹೋಗೋದು ಸುರಕ್ಷಿತ.

ಪ್ರಶ್ನೆ: ಶಿರಸಿ ಹತ್ರ ಸರ್ಕಾರಿ ಸಂಸ್ಥೆಯೊಂದು ಕಟ್ಟಿಸಿದ ಮನೆ ನಮಗೆ ಹಂಚಿಕೆ ಆಗಿತ್ತು, ಕೀ ಕೊಟ್ಟು ಮೂರು ವರ್ಷ ಆಯ್ತು. ಈಗ ಗೋಡೆಯಲ್ಲಿ ಉದ್ದಕ್ಕೂ ಬಿರುಕು, ಬಾಗಿಲು ಹಾಕಿದ್ರೆ ಕೂರದಿಲ್ಲ. ಬರೆದ್ರೆ ಮನೆ ಈಗ ನಿಮ್ಮದು, ನೀವೇ ಮಾಡಿಸ್ಕೊಳ್ಳಿ ಅಂತಾರೆ.
ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಮಾಸ್ತರೇ, ನಿಮ್ಮದು ಬಾಡಿಗೆದಾರರ ಕೇಸಲ್ಲ, ನೀವು ಮನೆ ಕೊಂಡವರು, ಅದು ನಿಮಗೆ ಒಳ್ಳೇದೇ. ರೇರಾ, ಅಂದ್ರೆ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮನೆ ಒಪ್ಪಿಸಿದ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ನೀವು ತಿಳಿಸಿದ್ರೆ, ಕಟ್ಟಿಸಿದವರು 30 ದಿನದಲ್ಲಿ ಪುಕ್ಕಟೆ ಸರಿ ಮಾಡಿಕೊಡಬೇಕು. ಆ ಕಾಯ್ದೆಯಲ್ಲಿ ಕಟ್ಟಿಸಿದವರು ಅಂದ್ರೆ ಪ್ರೈವೇಟ್ ಬಿಲ್ಡರ್ ಮಾತ್ರ ಅಲ್ಲ, ಸರ್ಕಾರಿ ಸಂಸ್ಥೆಯೂ ಸೇರ್ತದೆ. ನಿಮ್ಮ ಬಡಾವಣೆ ರೇರಾದಲ್ಲಿ ನೋಂದಣಿ ಆಗಿದ್ಯಾ ಅಂತ ಕರ್ನಾಟಕ ರೇರಾ ವೆಬ್‌ಸೈಟಲ್ಲಿ ನೋಡಿ. ನಿಮಗೆ ಮೂರು ವರ್ಷ ಕಳೆದಿದೆ, ಇನ್ನು ತಡ ಮಾಡಬೇಡಿ, ರಿಜಿಸ್ಟ್ರೇಷನ್ ಸಮೇತ ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕಳಿಸಿ ರಸೀತಿ ಇಟ್ಕೊಳ್ಳಿ.

ಇನ್ನೊಂದು ದಾರಿ ಗ್ರಾಹಕ ಆಯೋಗ, ನಮ್ಮ ಜಿಲ್ಲೆದು ಕಾರವಾರದಲ್ಲೇ ಇದೆ. ಮನೆ ಕಟ್ಟಿಕೊಡೋ ಸರ್ಕಾರಿ ಸಂಸ್ಥೆಗಳೂ ಗ್ರಾಹಕ ಕಾನೂನಿನ ಕೆಳಗೆ ಬರ್ತವೆ ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಲಖ್ನೋ ಅಭಿವೃದ್ಧಿ ಪ್ರಾಧಿಕಾರದ ಕೇಸಲ್ಲಿ ಹೇಳಿಯಾಗಿದೆ, ನಾವು ಸರ್ಕಾರ ನಮ್ಮ ಮೇಲೆ ಬರೋಕಾಗಲ್ಲ ಅಂತ ಯಾರಾದ್ರೂ ಹೇಳಿದ್ರೆ ಇದನ್ನ ತೋರಿಸಿ. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಕೇಸ್ ಹಾಕಬೇಕು, ಹಾಗಾಗಿ ಬಿರುಕು ಮೊದಲು ಯಾವಾಗ ಕಂಡಿತು, ಅವರು ಇಲ್ಲ ಅಂತ ಯಾವತ್ತು ಬರೆದ್ರು ಅನ್ನೋ ತಾರೀಕುಗಳು ಮುಖ್ಯ. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕವೇ ಇಲ್ಲ. ಎರಡು ಕಡೆಗೂ ಒಟ್ಟಿಗೆ ಹೋಗೋ ಬದಲು ಒಂದು ಆರಿಸ್ಕೊಳ್ಳಿ, ಅದಕ್ಕೆ ಮೊದಲು ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೋ ಗೊತ್ತಿರೋ ವಕೀಲರ ಹತ್ರವೋ ಕಾಗದ ತೋರಿಸಿ.

ಬಿರುಕನ್ನ ಸಿಮೆಂಟ್ ತುಂಬಿ ಮುಚ್ಚಿಸ್ಬೇಡಿ, ಸದ್ಯಕ್ಕೆ ಹಾಗೇ ಇರ್ಲಿ. ಎರಡೂ ತುದಿಗೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಕು ಬರೀರಿ, ಮುಂದೆ ಬೆಳೆದ್ರೆ ಗೊತ್ತಾಗ್ತದೆ. ಒಬ್ಬ ಸಿವಿಲ್ ಇಂಜಿನಿಯರ್ ಹತ್ರ ನೋಡಿಸಿ, ಅದು ಬರೀ ಗಿಲಾಯಿ ಬಿರುಕಾ, ಪಾಯ ಕುಸಿದು ಬಂದಿದ್ದಾ ಅಂತ ರಿಪೋರ್ಟ್ ತಗೊಳ್ಳಿ. ಬಾಗಿಲು ಕೂರ್ತಾ ಇಲ್ಲ ಅಂದ್ರೆ ಚೌಕಟ್ಟು ಸರಿದಿರೋ ಸಾಧ್ಯತೆ ಇದೆ, ಇಂಜಿನಿಯರ್‌ಗೆ ಅದನ್ನೂ ಬಿಡಿಸಿ ಹೇಳಿ, ರಿಪೋರ್ಟಲ್ಲಿ ಬರ್ಲಿ. ಆ ರಿಪೋರ್ಟ್ ಸೇರಿಸಿಯೇ ನೋಟಿಸ್ ಕಳಿಸಿ.